ಡಿಸ್ಕೋದೊಳಗೊಂದು ಭೈರವಿ

ಬಿ.ಕಾಂ. ಓದಿ, ಮೂವತ್ತು ಚಿಲ್ಲರೆ ವರ್ಷ ಲೆಡ್ಜರು, ಲೋನು, ಆಡಿಟ್ಟು ಅಂತ ಕಳೆದ ಮನುಷ್ಯ ಟ್ರಾನ್ಸ್ ಸಂಗೀತದ ಬಗ್ಗೆ ಬರೆಯಲು ಕೂತಿದ್ದಾನೆ ಅಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ. ನಮ್ಮ ಮನೆಯಲ್ಲೂ ನಗುತ್ತಾರೆ. ಆದರೆ ಒಂದೇ ಒಂದು ಹಾಡಿನ ವಿಷಯ ಬಹಳ ದಿನದಿಂದ ತಲೆಯಲ್ಲಿ ಕೂತಿದೆ, ಅದನ್ನು ಇಳಿಸಿಬಿಡಬೇಕು. ಹಾಡು ಅಂತಲೂ ಅನ್ನುವಂತಿಲ್ಲ, ಯಾಕೆಂದರೆ ಅದರಲ್ಲಿ ಮಾತೇ ಇಲ್ಲ. ಪಿಯಾನೋ ಇದೆ, ಹಿಂದೆ ಡ್ರಮ್ ಇದೆ, ಅಷ್ಟೇ. ಹೆಸರು 'ಚಿಲ್ಡ್ರನ್'. ಮಾಡಿದವನು ರಾಬರ್ಟ್ ಮೈಲ್ಸ್. 1995ರಲ್ಲಿ ಬಂದದ್ದು. ಮೂವತ್ತು ವರ್ಷ ಕಳೆದರೂ ಜನ ಕೇಳುತ್ತಲೇ ಇದ್ದಾರೆ. ಅದರ ಜೊತೆಗೆ ಬಂದ ಇಂಥದೇ ನೂರಾರು ಹಾಡುಗಳು ಎಲ್ಲಿ ಹೋದವೋ ದೇವರೇ ಬಲ್ಲ!

ಟ್ರಾನ್ಸ್ ಅಂದರೆ ಏನಪ್ಪಾ ಅನ್ನುವವರಿಗೆ ಒಂದು ಮಾತು. ಯಂತ್ರದಿಂದ ಹುಟ್ಟಿಸಿದ ನಾದ, ಎಲ್ಲೂ ತಪ್ಪದ ಡ್ರಮ್ಮಿನ ಏಟು, ಒಂದೇ ಸ್ವರಗುಚ್ಛ ಮತ್ತೆ ಮತ್ತೆ ಸುತ್ತಿ ಸುತ್ತಿ ಬರುವುದು. ಕೇಳುತ್ತಾ ಕುಣಿಯುವವರಿಗೆ ಮೈಮೇಲೆ ಎಚ್ಚರ ತಪ್ಪಿದಂತಾಗಬೇಕು, ಅದಕ್ಕೇ ಆ ಹೆಸರು. ಯುರೋಪಿನಲ್ಲಿ ತೊಂಬತ್ತರ ದಶಕದಲ್ಲಿ ಬೆಳೆಯಿತು. ನಮ್ಮ ಕಾರವಾರ ದಾಟಿದರೆ ಸಿಗುವ ಗೋವಾದ ಕಡಲತೀರದಲ್ಲೂ ಅದರ ಒಂದು ಕವಲು ಚಿಗುರಿತು, 'ಗೋವಾ ಟ್ರಾನ್ಸ್' ಅಂತ ಜಗತ್ತೇ ಅದನ್ನು ಕರೆಯಿತು. ನನಗೆ ಅದರಲ್ಲಿ ಹೆಚ್ಚಿನದು ತಲೆನೋವು. ಸುಳ್ಳು ಯಾಕೆ ಹೇಳಲಿ?

'ಚಿಲ್ಡ್ರನ್' ಮಾತ್ರ ಬೇರೆ. ನಾನು ಮೊದಲು ಅದನ್ನು ಕೇಳಿದ್ದು 1996ರಲ್ಲಿ. ಆಗ ಚೆಂಬೂರಿನಲ್ಲಿ ನಮ್ಮ ಕಡೆಯ ಇನ್ನೂ ಮೂವರ ಜೊತೆ ಒಂದು ಖೋಲಿಯಲ್ಲಿದ್ದೆ. ಕೇಬಲ್ ಟೀವಿ ಹೊಸದು. ಮ್ಯೂಸಿಕ್ ಚಾನೆಲ್ಲುಗಳಲ್ಲಿ ಮೈಕುಣಿಸುವವರ ಸಾಲು ಮುಗಿದ ಮೇಲೆ ಒಮ್ಮೆಲೇ ಕಪ್ಪು ಬಿಳುಪಿನ ಚಿತ್ರ ಬಂತು. ಒಂದು ಪುಟ್ಟ ಹುಡುಗಿ ಕಾರಿನಲ್ಲಿ ಕೂತು ಹೋಗುತ್ತಿದ್ದಾಳೆ. ಹೊರಗೆ ರಸ್ತೆ, ಊರು, ಬಯಲು ಸರಿದು ಹೋಗುತ್ತವೆ. ಕುಣಿತವಿಲ್ಲ, ಕಥೆಯೂ ಇಲ್ಲ. ಆ ಪಿಯಾನೋ ಮಾತ್ರ. ಖೋಲಿಯಲ್ಲಿ ಇಸ್ಪೀಟು ಆಡುತ್ತಿದ್ದವರೂ ಒಂದು ಗಳಿಗೆ ಎಲೆ ಹಾಕದೆ ಕೂತರು. ಮುಂದಿನ ತಿಂಗಳ ಸಂಬಳದಲ್ಲಿ ಫೋರ್ಟಿನ ಫುಟ್‌ಪಾತಿನಲ್ಲಿ ಕ್ಯಾಸೆಟ್ ಹುಡುಕಿ ತಂದೆ.

ಆಗ ನನ್ನ ಶಾಖೆ ವಾಶಿಯಲ್ಲಿ. ಹಾರ್ಬರ್ ಲೈನಿನ ಲೋಕಲ್ಲು. ವಾಕ್‌ಮನ್ ಕಿವಿಗೆ ಹಾಕಿಕೊಂಡು ಮಾನಖುರ್ದಿನಲ್ಲಿ ಶುರು ಮಾಡಿದರೆ ಖಾಡಿಯ ಮೇಲಿನ ಸೇತುವೆ ದಾಟಿ ವಾಶಿ ಬರುವಷ್ಟರಲ್ಲಿ ಒಂದು ಆವರ್ತನ ಮುಗಿಯುತ್ತಿತ್ತು, ಉದ್ದನೆಯ ಏಳು ನಿಮಿಷದ ರೂಪ ಅದು. ಕೆಳಗೆ ನೀರು, ಗಾಲಿಗಳ ಸದ್ದು ಡ್ರಮ್ಮಿಗೆ ಕೂಡಿಕೊಳ್ಳುವುದು... ಮುಂಬೈಗೆ ಬಂದು ನಾಲ್ಕು ವರ್ಷವಾಗಿತ್ತು. ಈ ಊರು ನನ್ನದು ಅಂತ ಅನ್ನಿಸಿದ್ದು ಆ ಸೇತುವೆಯ ಮೇಲೆಯೇ ಇರಬೇಕು.

ಇನ್ನು ಆ ಮನುಷ್ಯನ ವಿಷಯ. ರಾಬರ್ಟ್ ಮೈಲ್ಸ್ ಅನ್ನುವುದು ವೇದಿಕೆಯ ಹೆಸರು. ನಿಜ ಹೆಸರು ರೊಬೆರ್ತೊ ಕೊಂಚಿನಾ. ಇಟಲಿಯ ತಂದೆತಾಯಿಗೆ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಇಟಲಿಯ ಈಶಾನ್ಯ ಮೂಲೆಯ ಫ್ರಿಉಲಿ ಪ್ರಾಂತದಲ್ಲಿ ಬೆಳೆದವನು. ಹುಟ್ಟಿದ್ದು 1969ರ ನವೆಂಬರಿನಲ್ಲಿ. ನಾನು ಅದೇ ವರ್ಷ ಜುಲೈಯಲ್ಲಿ, ಬ್ಯಾಂಕುಗಳು ರಾಷ್ಟ್ರೀಕರಣವಾದ ತಿಂಗಳಲ್ಲಿ (ಹಣೆಬರಹ ನೋಡಿ!). ಅಂದರೆ ನಾನು ಕೌಂಟರಿನಲ್ಲಿ ನೋಟು ಎಣಿಸುತ್ತಿದ್ದಾಗ ಅವನು ರಾತ್ರಿಯ ಕ್ಲಬ್ಬುಗಳಲ್ಲಿ ಡಿ.ಜೆ. ಆಗಿ ರೆಕಾರ್ಡು ತಿರುಗಿಸುತ್ತಿದ್ದ.

ಮೊದಲು ಇಟಲಿಯ ಒಂದು ಸಣ್ಣ ಕಂಪನಿಯಿಂದ ಬಂದ ಈ ರೆಕಾರ್ಡು ಆಮೇಲೆ ಇಂಗ್ಲೆಂಡಿನ ಕಂಪನಿಯ ಕೈಗೆ ಹೋಯಿತು. ಅಲ್ಲಿಂದ ಹತ್ತಿಕೊಂಡಿತು. 1996ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೇ ಸ್ಥಾನ, ಇಟಲಿ, ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡುಗಳಲ್ಲಿ ಮೊದಲನೆಯದು. ಯುರೋಪಿನ ಒಟ್ಟು ಪಟ್ಟಿಯಲ್ಲಿ 13 ವಾರ ತುದಿಯಲ್ಲಿ. ಅಮೆರಿಕದಲ್ಲೂ 21ರವರೆಗೆ ಏರಿತು. ಮಾತಿಲ್ಲದ ಒಂದು ತುಣುಕಿಗೆ ಇದು ಸಣ್ಣ ಮಾತಲ್ಲ. 1997ರಲ್ಲಿ ಅವನಿಗೆ ಬ್ರಿಟನ್ನಿನ ಬ್ರಿಟ್ ಪ್ರಶಸ್ತಿಯೂ ಬಂತು.

ಬ್ಯಾಂಕಿನವರ ಚಾಳಿ, ಎಣಿಸದೆ ಇರಲಾಗುವುದಿಲ್ಲ. ಒಂದು ಭಾನುವಾರ ಕೈಗಡಿಯಾರ ಮುಂದಿಟ್ಟುಕೊಂಡು ಡ್ರಮ್ಮಿನ ಏಟು ಎಣಿಸಿದೆ. ನಿಮಿಷಕ್ಕೆ 135ರ ಆಚೀಚೆ ಬಂತು. ಮೆಟ್ಟಿಲು ಹತ್ತಿ ಓಡಿದವನ ಎದೆಬಡಿತ ಅದು. ಹಾಗಿದ್ದೂ ಈ ತುಣುಕು ಕೇಳಿದರೆ ಮನಸ್ಸು ತಣ್ಣಗಾಗುತ್ತದೆ. ಹೇಗೆ? ನನಗೆ ಹೊಳೆದದ್ದು ಇಷ್ಟು. ಕೆಳಗೆ ಡ್ರಮ್ಮು ತನ್ನ ಪಾಡಿಗೆ ಓಡುತ್ತಿದೆ, ಮೇಲೆ ಪಿಯಾನೋ ಅವಸರವಿಲ್ಲದೆ ನಡೆಯುತ್ತಿದೆ. ಒಂದೊಂದು ಸ್ವರದ ಹಿಂದೆಯೂ ಅದರದೇ ಪ್ರತಿಧ್ವನಿ, ಗುಡಿಯ ಗಂಟೆಯ ಹಾಗೆ, ಮುಂದಿನ ಸ್ವರ ಬಂದರೂ ಹಿಂದಿನದು ಪೂರ್ತಿ ಹೋಗಿರುವುದಿಲ್ಲ. ನಡುವೆ ಒಂದು ಕಡೆ ಡ್ರಮ್ಮು ನಿಂತೇ ಹೋಗುತ್ತದೆ, ಪಿಯಾನೋ ಒಂಟಿಯಾಗುತ್ತದೆ, ಆಮೇಲೆ ಡ್ರಮ್ಮು ವಾಪಸು ಬರುವಾಗ ಅದು ಹೊಡೆತ ಅನ್ನಿಸುವುದಿಲ್ಲ, ಹೆಜ್ಜೆ ಅನ್ನಿಸುತ್ತದೆ. ಕಾಲು ಕುಣಿತ ಬಿಟ್ಟಿಲ್ಲ, ಆದರೆ ತಲೆ ಆಗಲೇ ಇಳಿಯುತ್ತಾ ಬಂದಿದೆ. ಈ ಬಗೆಗೆ ಆಗ 'ಡ್ರೀಮ್ ಹೌಸ್' ಅಂತ ಹೆಸರೇ ಬಿತ್ತು.

ಇದು ತಾನಾಗಿ ಹಾಗೆ ಆದದ್ದಲ್ಲ, ಬೇಕೆಂದೇ ಮಾಡಿದ್ದು ಎಂದು ಗೊತ್ತಾಗಿದ್ದು ನನಗೆ ಎಷ್ಟೋ ವರ್ಷಗಳ ಮೇಲೆ.

ಎರಡು ಕಾರಣಗಳನ್ನು ಅವನು ಹೇಳುತ್ತಿದ್ದ. ಒಂದು, ಯುದ್ಧ. ಫ್ರಿಉಲಿಯ ಗಡಿಗೆ ಹತ್ತಿಕೊಂಡೇ ಹಳೆಯ ಯುಗೊಸ್ಲಾವಿಯ. 1991ರಿಂದ ಅಲ್ಲಿ ನಡೆದ ರಕ್ತಪಾತ ನಿಮಗೆ ನೆನಪಿರಬಹುದು. ಅಲ್ಲಿ ಪರಿಹಾರದ ಕೆಲಸಕ್ಕೆ ಹೋಗಿದ್ದ ಅವನ ತಂದೆ, ಯುದ್ಧಕ್ಕೆ ಸಿಕ್ಕ ಮಕ್ಕಳ ಫೋಟೋಗಳನ್ನು ಮನೆಗೆ ತಂದರು. 'ಚಿಲ್ಡ್ರನ್' ಎಂಬ ಹೆಸರು ಅಲ್ಲಿಂದ.

ಎರಡನೆಯದೇ ನನ್ನನ್ನು ಹಿಡಿದದ್ದು. ಆಗ ಇಟಲಿಯ ಪತ್ರಿಕೆಗಳಲ್ಲಿ ಒಂದು ಮಾತು ಚಾಲ್ತಿಯಲ್ಲಿತ್ತು, 'ಶನಿವಾರ ರಾತ್ರಿಯ ಕಗ್ಗೊಲೆ'. ಯಾರೂ ಯಾರನ್ನೂ ಕೊಲ್ಲುತ್ತಿರಲಿಲ್ಲ. ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರು ಶನಿವಾರ ರಾತ್ರಿ ದೂರದೂರದ ಡಿಸ್ಕೋಗಳಿಗೆ ಕಾರಿನಲ್ಲಿ ಹೋಗುವುದು, ಬೆಳಗಿನ ಜಾವದವರೆಗೆ ಕುಣಿಯುವುದು. ವಾಪಸು ಬರುವಾಗ ನಿದ್ದೆಗಣ್ಣು, ಕೆಲವರಿಗೆ ಕುಡಿತ, ಎಲ್ಲರಿಗೂ ಕಿವಿಯಲ್ಲಿ ಇನ್ನೂ ಅದೇ ವೇಗ. ಭಾನುವಾರ ಬೆಳಿಗ್ಗೆ ಮರಕ್ಕೋ ಕಂಬಕ್ಕೋ ಅಪ್ಪಳಿಸಿದ ಕಾರುಗಳ ಸುದ್ದಿ. ಡಿಸ್ಕೋಗಳನ್ನು ಬೇಗ ಮುಚ್ಚಿಸಿ ಎಂದು ತಾಯಂದಿರು ದನಿ ಎತ್ತಿದ್ದರು. ಈ ಡಿ.ಜೆ. ಯೋಚಿಸಿದ್ದು ಏನು? ರಾತ್ರಿಯೆಲ್ಲಾ ವೇಗ ಏರಿಸಿ ಏರಿಸಿ, ಕೊನೆಗೆ ಹಾಗೇ ಬಾಗಿಲು ತೆಗೆದು ರಸ್ತೆಗೆ ಬಿಟ್ಟರೆ ಆ ಹುಡುಗ ಆಕ್ಸಿಲರೇಟರ್ ತುಳಿಯದೆ ಇನ್ನೇನು ಮಾಡಿಯಾನು? ಕೊನೆಯ ರೆಕಾರ್ಡು ಅವರನ್ನು ಇಳಿಸಬೇಕು. ಮನೆಗೆ ಹೋಗುವ ಮನಸ್ಸಿಗೆ ತರಬೇಕು. ಹಾಗೆ ಮಾಡಿದ್ದು ಇದು.

ಅರೇ, ಇದು ನಮ್ಮ ಭೈರವಿಯಲ್ಲವೇ!

ನಾನು ಗದಗಿನವನು. ಅಲ್ಲಿಯ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳ ಪುಣ್ಯತಿಥಿಗೆ ಅಹೋರಾತ್ರಿ ಸಂಗೀತ. ಚಿಕ್ಕವನಿದ್ದಾಗ ಅಪ್ಪನ ಪಕ್ಕ ಚಾದರ ಹೊದ್ದು ಕೂರುತ್ತಿದ್ದೆ. ಅರ್ಧ ನಿದ್ದೆ, ಅರ್ಧ ತಾನು. ಆದರೆ ಕೊನೆಗೆ ಹಾಡುವವರು ಭೈರವಿ ಎತ್ತಿಕೊಂಡರೆಂದರೆ ಅಪ್ಪ ಮೆಲ್ಲಗೆ ಚಪ್ಪಲಿ ಎಲ್ಲಿದೆ ನೋಡಿಕೊಳ್ಳುತ್ತಿದ್ದರು. ಅದು ಬೇಸರದ ಲಕ್ಷಣವಲ್ಲ, ಮುಗಿಯಿತು ಅಂತ ಮೈಗೇ ತಿಳಿದುಬಿಡುತ್ತಿತ್ತು. ಭೈರವಿ ಬೆಳಗಿನ ರಾಗ, ಆದರೆ ಕಛೇರಿ ಯಾವ ಹೊತ್ತಿನಲ್ಲಿ ಮುಗಿದರೂ ಕೊನೆಗೆ ಅದೇ. ಅದಾದ ಮೇಲೆ ಇನ್ನೊಂದು ರಾಗ ಹಾಡುವ ರೂಢಿಯಿಲ್ಲ. ಕೇಳಿದವರು ಮನೆಯ ದಾರಿಯಲ್ಲಿ ಜಗಳವಾಡುವುದಿಲ್ಲ ನೋಡಿ! ದಕ್ಷಿಣದ ಕಡೆ ಮಂಗಳ ಹಾಡುತ್ತಾರೆ, ಯಕ್ಷಗಾನದವರೂ ಮಂಗಳ ಹಾಡಿಯೇ ಆಟ ಮುಗಿಸುತ್ತಾರೆ. ಎಬ್ಬಿಸಿ ಕೂರಿಸಿದವನೇ ಇಳಿಸಿ ಕಳಿಸಬೇಕು ಅನ್ನುವ ತಿಳಿವಳಿಕೆ ಅದು.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಪುಣೆಗೆ ಬನ್ನಿ. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಶುರು ಮಾಡಿದ ಉತ್ಸವ ಇದೆಯಲ್ಲ, ಅದರ ಕೊನೆಯಲ್ಲಿ ಸವಾಯಿ ಗಂಧರ್ವರೇ ಹಾಡಿದ ಭೈರವಿಯ ಹಳೆಯ ಧ್ವನಿಮುದ್ರಿಕೆ ಹಾಕುವ ರೂಢಿ ಬೆಳೆದು ಬಂದಿದೆ. ಸಾವಿರಾರು ಜನ ಸುಮ್ಮನೆ ಕೂತು ಒಂದು ರೆಕಾರ್ಡು ಕೇಳುತ್ತಾರೆ, ಎದ್ದು ಹೋಗುತ್ತಾರೆ. ಕೊನೆಯ ರೆಕಾರ್ಡು ಏನು ಮಾಡಬಲ್ಲದು ಅಂತ ಇಟಲಿಯ ಡಿ.ಜೆ. ಕಂಡುಕೊಂಡದ್ದನ್ನು ನಮ್ಮವರು ಬೇರೆ ದಾರಿಯಿಂದ ಕಂಡುಕೊಂಡಿದ್ದರು. (ಸ್ವರದ ಲೆಕ್ಕ ಕೇಳುವವರಿಗೆ: 'ಚಿಲ್ಡ್ರನ್' ಪಾಶ್ಚಾತ್ಯರು ಮೈನರ್ ಅನ್ನುವ ಶ್ರೇಣಿಯಲ್ಲಿದೆ. ನಮ್ಮ ಲೆಕ್ಕಕ್ಕೆ ಗಾಂಧಾರ, ಧೈವತ, ನಿಷಾದ ಕೋಮಲ, ಅಂದರೆ ಆಸಾವರಿ ಥಾಟಿನ ಸ್ವರಗಳು. ರಿಷಭ ಒಂದು ಕೋಮಲವಾದರೆ ಭೈರವಿಯ ಮನೆಯೇ. ಒಂದು ಮೆಟ್ಟಿಲಿನ ಅಂತರ.)

ಇಷ್ಟು ಹೊತ್ತು ರಾಗ ತಾಳ ಅಂತ ಹೇಳಿದೆ. ಈಗ ಹೇಳುವುದು ಬೇರೆ.

2018ರಲ್ಲಿ ನಾನು ನವಿ ಮುಂಬೈಯ ಒಂದು ಶಾಖೆಯಲ್ಲಿದ್ದೆ. ಇಲ್ಲಿ ಪಾಮ್ ಬೀಚ್ ರೋಡ್ ಅಂತ ಇದೆ, ವಾಶಿಯಿಂದ ಬೇಲಾಪುರದ ಕಡೆಗೆ. ಅಗಲ, ನುಣುಪು, ರಾತ್ರಿ ಖಾಲಿ. ಹರೆಯದವರ ಕೈಗೆ ಬೈಕು ಕೊಟ್ಟು ಆ ರಸ್ತೆಗೆ ಬಿಟ್ಟರೆ ಏನಾಗುತ್ತದೋ ಅದು ಆಗುತ್ತಲೇ ಇರುತ್ತದೆ. ನಮ್ಮ ಶಾಖೆಯ ಹಳೆಯ ಗ್ರಾಹಕರೊಬ್ಬರು, ವಿಜಾಪುರ ಕಡೆಯವರು, ನನ್ನ ಹತ್ತಿರ ಕನ್ನಡ ಮಾತಾಡಲೆಂದೇ ಕೌಂಟರ್ ಬಿಟ್ಟು ಒಳಗೆ ಬರುತ್ತಿದ್ದವರು, ಒಂದು ಸೋಮವಾರ ಬಂದು ಸುಮ್ಮನೆ ಕುರ್ಚಿಯ ಮೇಲೆ ಕೂತರು. ಕೈಯಲ್ಲಿ ಮಗನ ಪಾಸ್‌ಬುಕ್ಕು. ಮೂರು ವಾರದ ಹಿಂದೆ, ಶನಿವಾರ ರಾತ್ರಿ, ಗೆಳೆಯರ ಜೊತೆ ಪಾರ್ಟಿ ಮುಗಿಸಿ ಬರುವಾಗ ಅದೇ ರಸ್ತೆಯಲ್ಲಿ. ಇಪ್ಪತ್ತೆರಡು ವರ್ಷ.

ನಮ್ಮಲ್ಲಿ ಇದಕ್ಕೆ ಫಾರ್ಮು ಇದೆ. ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ಚೀಟಿ, ಫೋಟೋ, ಇಬ್ಬರು ಸಾಕ್ಷಿ. ಇಷ್ಟು ವರ್ಷದಲ್ಲಿ ನೂರಾರು ಫಾರ್ಮು ತುಂಬಿಸಿದ್ದೇನೆ. ಅದರಲ್ಲಿ 'ಮೃತರೊಂದಿಗೆ ಸಂಬಂಧ' ಅಂತ ಒಂದು ಕಾಲಂ ಬರುತ್ತದೆ. ಸಾಮಾನ್ಯವಾಗಿ ಮಗ, ಮಗಳು, ಹೆಂಡತಿ ಅಂತ ಬರೆಯುತ್ತಾರೆ. ಅವರು ಪೆನ್ನು ಹಿಡಿದು ಆ ಕಾಲಮಿನ ಮೇಲೆ ಬಹಳ ಹೊತ್ತು ಕೂತರು. "ಇಲ್ಲೇನ್ ಬರೀಬೇಕ್ರಿ ಸಾಹೇಬ್ರ?" ಅಂದರು. ಗೊತ್ತಿಲ್ಲದೆ ಕೇಳಿದ್ದಲ್ಲ ಅದು. ನಾನು ಹೇಳಬೇಕಾಯಿತು, "ತಂದೆ ಅಂತ ಬರೀರಿ." ಬರೆದರು. ಖಾತೆಯಲ್ಲಿದ್ದದ್ದು ಹದಿನೆಂಟು ಸಾವಿರದ ಚಿಲ್ಲರೆ. ಪಾಸ್‌ಬುಕ್ಕಿನ ಕೊನೆಯ ನಮೂದು ಆ ಶನಿವಾರ ಸಂಜೆಯದು, ಎ.ಟಿ.ಎಂ.ನಿಂದ ಐನೂರು ರೂಪಾಯಿ.

ಆ ರಾತ್ರಿ ಮನೆಗೆ ಬಂದು 'ಚಿಲ್ಡ್ರನ್' ಹಾಕಲು ಹೋದೆ, ಆಗಲಿಲ್ಲ. ಎರಡು ದಿನ ಬಿಟ್ಟು ಕೇಳಿದೆ. ಆ ಹುಡುಗರು ಹೋಗಿದ್ದ ಜಾಗದಲ್ಲಿ ಕೊನೆಗೆ ಏನು ಹಾಕಿದ್ದರೋ ಅಂತ ಯೋಚನೆ ಬಂತು. ಸಂಗೀತದಿಂದ ಅಪಘಾತ ತಪ್ಪುತ್ತದೆಯೇ ಅಂತ ಕೇಳಬೇಡಿ. ಹೆಲ್ಮೆಟ್ಟು, ಲೈಸೆನ್ಸು, ಕುಡಿಯದಿರುವುದು, ರಸ್ತೆಯ ಮೇಲೆ ಪೊಲೀಸರು, ಇವುಗಳ ಜಾಗದಲ್ಲಿ ಪಿಯಾನೋ ನಿಲ್ಲುವುದಿಲ್ಲ. ಆದರೂ ಇಟಲಿಯಲ್ಲಿ ಆ ಕೊನೆಯ ಏಳು ನಿಮಿಷ ಕೇಳಿ, ಕಾರು ನಿಧಾನ ಓಡಿಸಿ, ಮನೆ ಮುಟ್ಟಿ, ಅಮ್ಮನ ಕೈಯಲ್ಲಿ ಬೈಸಿಕೊಂಡು ಮಲಗಿದ ಒಬ್ಬ ಹುಡುಗನಾದರೂ ಇದ್ದಿರಬೇಕು. ಸತ್ತವರ ಲೆಕ್ಕ ಸರ್ಕಾರ ಇಡುತ್ತದೆ. ಮನೆ ಮುಟ್ಟಿದವರಿಗೆ ಯಾವ ಲೆಡ್ಜರಿನಲ್ಲೂ ಕಾಲಂ ಇಲ್ಲ.

ಅಂದ ಹಾಗೆ, ಈ ಮೈಲ್ಸನಿಗೂ ನಮ್ಮ ಬೆಳಗಾವಿಗೂ ಒಂದು ಎಳೆ ಇದೆ ಅಂದರೆ ನಂಬುತ್ತೀರಾ? 'ಚಿಲ್ಡ್ರನ್' ಗೆದ್ದ ಮೇಲೆ ಕಂಪನಿಗಳಿಗೆ ಬೇಕಾದದ್ದು ಅಂಥದೇ ಇನ್ನಷ್ಟು. 1996ರಲ್ಲೇ 'ಡ್ರೀಮ್‌ಲ್ಯಾಂಡ್' ಎಂಬ ಆಲ್ಬಂ, 'ಫೇಬಲ್', ಮಾರಿಯಾ ನೇಯ್ಲರ್ ಹಾಡಿದ 'ಒನ್ ಅಂಡ್ ಒನ್' ಬಂದವು, ಚೆನ್ನಾಗಿಯೇ ಓಡಿದವು. ಒಂದೇ ಚೆಕ್ಕನ್ನು ಜೀವನಪೂರ್ತಿ ನಗದು ಮಾಡಿಕೊಳ್ಳಬಹುದಿತ್ತು. ಅವನು ಮಾಡಲಿಲ್ಲ. ದೊಡ್ಡ ಕಂಪನಿಯಿಂದ ಹೊರಬಂದು ತನ್ನದೇ ಪುಟ್ಟ ಕಂಪನಿ ಕಟ್ಟಿ 2001ರಲ್ಲಿ 'ಆರ್ಗಾನಿಕ್' ಎಂಬ ಪೂರ್ತಿ ಬೇರೆಯದೇ ಆಲ್ಬಂ ಮಾಡಿದ. 2004ರಲ್ಲಿ ಮುಂಬೈಯಲ್ಲಿ ಹುಟ್ಟಿದ ತಾಳವಾದ್ಯಗಾರ ತ್ರಿಲೋಕ್ ಗುರ್ಟು ಜೊತೆ ಸೇರಿ ಇಬ್ಬರ ಹೆಸರಿನಲ್ಲೇ ಒಂದು ಆಲ್ಬಂ. ಈ ತ್ರಿಲೋಕ್ ಯಾರು? ಠುಮ್ರಿಯ ರಾಣಿ ಶೋಭಾ ಗುರ್ಟು ಅವರ ಮಗ. ಶೋಭಾತಾಯಿ ಹುಟ್ಟಿದ್ದು 1925ರಲ್ಲಿ, ನಮ್ಮ ಬೆಳಗಾವಿಯಲ್ಲಿ! ಭೈರವಿಯ ಠುಮ್ರಿ ಹಾಡಿ ಜನರನ್ನು ಮನೆಗೆ ಕಳಿಸುತ್ತಿದ್ದ ಪರಂಪರೆಯ ಮನೆಯ ಮಗ, ಡಿಸ್ಕೋಗೆ ಭೈರವಿ ಕೊಟ್ಟವನ ಜೊತೆ ಕೂತು ತಬಲಾ ನುಡಿಸಿದ. ಆ ಆಲ್ಬಂ ಹೆಚ್ಚು ಮಾರಾಟವಾಗುವ ಜಾತಿಯದಲ್ಲ, ನನಗೂ ಅದರ ಅರ್ಧ ದಕ್ಕಲಿಲ್ಲ. ಆದರೂ ಇಟ್ಟುಕೊಂಡಿದ್ದೇನೆ.

2017ರ ಮೇ 9ರಂದು ಸ್ಪೇನಿನ ಇಬಿಜಾ ದ್ವೀಪದಲ್ಲಿ ರಾಬರ್ಟ್ ಮೈಲ್ಸ್ ಕ್ಯಾನ್ಸರಿನಿಂದ ತೀರಿಕೊಂಡ. 47 ವರ್ಷ. ಪತ್ರಿಕೆಯಲ್ಲಿ ಚಿಕ್ಕ ಸುದ್ದಿ. ನನ್ನ ಓರಗೆಯವನು, ನಾನು ಇನ್ನೂ ಪ್ರಮೋಷನ್ನಿಗೆ ಇಂಟರ್‌ವ್ಯೂ ಕೊಡುತ್ತಿದ್ದೆ.

ಅದಾದ ಕೆಲವು ವರ್ಷಕ್ಕೆ ನಮ್ಮ ಮಗರಾಯ, ಎಂಜಿನಿಯರಿಂಗ್ ಓದುತ್ತಿದ್ದವನು, ಕೋಣೆಯಲ್ಲಿ ಏನೋ ಹಾಕಿದ್ದ. ಡ್ರಮ್ಮು ಬೇರೆ, ವೇಗ ಬೇರೆ, ಆದರೆ ಪಿಯಾನೋ ಅದೇ! ಬಾಗಿಲಲ್ಲಿ ನಿಂತು ಮುಂದಿನ ಸಾಲು ಗುನುಗಿದೆ. ಅವನು ಕಣ್ಣರಳಿಸಿದ. "ಅಪ್ಪಾ, ನಿಮಗ ಇದು ಹೆಂಗ ಗೊತ್ತು?" "ನಿನಗ ಹೆಂಗ ಗೊತ್ತೋ? ನೀ ಹುಟ್ಟೂಕಿಂತ ಮೊದಲಿಂದು ಇದು." ಟಿನ್‌ಲಿಕರ್ ಅನ್ನುವ ಹಾಲೆಂಡಿನ ಜೋಡಿಯೊಂದು ಹೊಸ ರೂಪ ಕೊಟ್ಟಿದ್ದಂತೆ. ಒಳಗಿನಿಂದ ನಮ್ಮ ಮನೆಯಾಕೆ, "ಅಪ್ಪ ಮಗ ಇಬ್ಬರಿಗೂ ಒಂದ ಹುಚ್ಚು, ಗಿರಣಿ ಸಪ್ಪಳ ಕೇಳಿದಂಗ ಆಗತೈತಿ" ಅಂದಳು. ಮರುದಿನ ಚಪಾತಿ ಲಟ್ಟಿಸುತ್ತಾ ಅದನ್ನೇ ಗುನುಗುತ್ತಿದ್ದಳು, ನಾನು ಏನೂ ಅನ್ನಲಿಲ್ಲ.

ಇದೇ ಅಲ್ಲವೇ ಅದರ ಬಾಳಿಕೆಯ ಗುಟ್ಟು? ಯಾರು ಬೇಕಾದರೂ ಗುನುಗಬಹುದು. ಮಾತಿಲ್ಲ, ಹಾಗಾಗಿ ಭಾಷೆ ಬರಬೇಕಿಲ್ಲ, ಆ ಕಾಲದ ಮಾತಿನ ಫ್ಯಾಷನ್ನು ಹಳಸುವ ಭಯವೂ ಇಲ್ಲ. ಅಂದಿನ ಯಂತ್ರದ ಚಿತ್ರವಿಚಿತ್ರ ಸದ್ದುಗಳ ಮೇಲೆ ನಿಂತ ಹಾಡುಗಳೆಲ್ಲಾ ಅಂದಿನ ಪೇಜರಿನ ಹಾಗೆ ಮೂಲೆ ಸೇರಿದವು, ಪಿಯಾನೋದ ದನಿಗೆ ಮಾತ್ರ ವಯಸ್ಸಾಗಲಿಲ್ಲ. ಇಷ್ಟೇ ಆಗಿದ್ದರೆ ಇಂಪಾದ ಇನ್ನೂ ಹತ್ತು ಹಾಡು ಉಳಿಯಬೇಕಿತ್ತು. ಕೇಳುವವನನ್ನು ಕುಣಿಸುವ, ಕೊಂಡುಕೊಳ್ಳುವಂತೆ ಮಾಡುವ ಸಂಗೀತ ಬೇಕಾದಷ್ಟಿದೆ. ಇವನು ಮನೆ ಮುಟ್ಟಲಿ ಅಂತ ಮಾಡಿದ್ದು ಎಷ್ಟಿದೆ ಹೇಳಿ? ಆ ಕಾಳಜಿ ಕಿವಿಗೆ ಕೇಳಿಸುತ್ತದೆ ಅಂತ ನನ್ನ ನಂಬಿಕೆ. ಒಪ್ಪದಿದ್ದರೆ ಬಿಡಿ.

ಈಗ ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಶುಕ್ರವಾರ ರಾತ್ರಿ ಎಕ್ಸ್‌ಪ್ರೆಸ್‌ವೇ ಹಿಡಿದು ಬರುತ್ತಾನೆ. ಲೋನಾವಳ ದಾಟಿದಾಗ ಒಂದು ಮೆಸೇಜು, ಟೋಲ್ ದಾಟಿದಾಗ ಇನ್ನೊಂದು. ನಾನು ಎಚ್ಚರವಿರುವುದು ಅವನಿಗೆ ಗೊತ್ತು, ಆದರೂ "ಮಲಕೊಳ್ರಿ" ಅಂತಲೇ ಬರೆಯುತ್ತಾನೆ.

ನಮ್ಮ ನೆರೂಳಿನ ಸೊಸೈಟಿಯಲ್ಲಿ ನಾನು ಖಜಾಂಚಿ (ಬ್ಯಾಂಕಿನವನು ಅಂದರೆ ಆ ಕೆಲಸ ತಾನಾಗಿ ತಲೆಗೆ ಬೀಳುತ್ತದೆ). ಡಿಸೆಂಬರ್ 31ರ ಕಾರ್ಯಕ್ರಮಕ್ಕೆ ಡಿ.ಜೆ. ಕರೆಸುತ್ತಾರೆ, ದುಡ್ಡು ಕೊಡುವವನು ನಾನು. 2024ರಲ್ಲಿ ಅಡ್ವಾನ್ಸ್ ಕೊಡುವಾಗಲೇ ಷರತ್ತು ಹಾಕಿದೆ. 12 ಹೊಡೆದು ಎಲ್ಲರೂ ಕೂಗಿ ಮುಗಿಸಿದ ಮೇಲೆ ಕೊನೆಗೆ ಇದೊಂದು ಹಾಕಬೇಕು, ಪೂರ್ತಿ ಹಾಕಬೇಕು, ನಡುವೆ ಕತ್ತರಿಸಬಾರದು. ಡಿ.ಜೆ. ಹುಡುಗ ಮರಾಠಿಯವನು, ಇಪ್ಪತ್ತೈದರ ಪ್ರಾಯ. "ಅಂಕಲ್, ಚಿಲ್ಡ್ರನ್?" ಅಂತ ಎರಡು ಸಲ ಕೇಳಿದ, ಆಮೇಲೆ ನಕ್ಕು ಅಡ್ವಾನ್ಸ್ ಜೇಬಿಗೆ ಹಾಕಿಕೊಂಡ.

ಹಾಕಿದ. ಮೊದಲು ಕೆಲವು ಹುಡುಗರು "ಏ, ಫಾಸ್ಟ್ ಲಾವ್ ನಾ" ಅಂತ ಕೂಗಿದರು. ಗೇಟಿನ ಹತ್ತಿರ ನಾಲ್ಕೈದು ಬೈಕು ಆಗಲೇ ಸ್ಟಾರ್ಟ್ ಆಗಿದ್ದವು, ಎಲ್ಲಿಗೆ ಹೊರಟಿದ್ದರೋ ಎಲ್ಲರಿಗೂ ಗೊತ್ತಿತ್ತು. ಪಿಯಾನೋ ಎರಡು ಸುತ್ತು ಬಂದ ಮೇಲೆ ಒಂದು ಬೈಕು ಆರಿತು, ಆಮೇಲೆ ಇನ್ನೊಂದು. ಹೆಂಗಸರು ಕುರ್ಚಿ ಮಡಚುತ್ತಾ ತಲೆಯಾಡಿಸುತ್ತಿದ್ದರು. ಏಳು ನಿಮಿಷವಾದ ಮೇಲೆ ಇಬ್ಬರು ಹೋಗೇ ಹೋದರು. ಉಳಿದ ಮೂವರು ಗೇಟಿನ ಕಟ್ಟೆಯ ಮೇಲೆ ಕೂತು ಡಿ.ಜೆ.ಯನ್ನು ಹಾಡಿನ ಹೆಸರು ಕೇಳುತ್ತಿದ್ದರು.